ಮಿದುಳಿನ ಮಂಕಿಗೆ ರಕ್ತಪರೀಕ್ಷೆ: ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿ

ಮಿದುಳಿನ ಮಂಕು ಅಥವಾ ಬ್ರೇನ್ ಫಾಗ್ ಒಂದು ರೋಗದ ಹೆಸರಲ್ಲ. ಓದಿದ ಸಾಲನ್ನೇ ಮತ್ತೆ ಮತ್ತೆ ಓದುವುದು, ಪರಿಚಿತರ ಹೆಸರು ನಾಲಿಗೆಯ ತುದಿಗೆ ಬಂದು ನಿಲ್ಲುವುದು, ಎರಡು ಕೆಲಸ ಒಟ್ಟಿಗೆ ಬಂದರೆ ಒಂದು ಮರೆತೇ ಹೋಗುವುದು, ಯೋಚನೆ ನಿಧಾನವಾಗುವುದು ಮುಂತಾದ ತೊಂದರೆಗಳು ವಾರಗಟ್ಟಲೆ ಕಾಡಿದಾಗ ಅವುಗಳನ್ನೆಲ್ಲ ಸೇರಿಸಿ ಹೀಗೆ ಕರೆಯುವುದು ರೂಢಿ. ಕನ್ನಡದ ರೋಗಿ ವೈದ್ಯರ ಮುಂದೆ ‘ತಲೆಯೇ ಓಡುತ್ತಿಲ್ಲ’ ಎನ್ನುತ್ತಾನೆ. 2020ರ ಬಳಿಕ ಕೋವಿಡ್‌ನಿಂದ ಗುಣವಾದವರಲ್ಲಿ ಈ ದೂರು ಹೆಚ್ಚಾಗಿ ಕೇಳಿಬಂದದ್ದರಿಂದ ಪದ ದಿನಪತ್ರಿಕೆಗಳಿಗೂ ಬಂತು; ದೂರು ಮಾತ್ರ ಹಳೆಯದು.

ಮಂಕನ್ನೇ ಅಳೆಯುವ ರಕ್ತಪರೀಕ್ಷೆ ಇಲ್ಲ. ಮಿದುಳಿನ ಹೊರಗಿದ್ದೂ ಮಿದುಳಿನ ಕೆಲಸವನ್ನು ಕುಂಠಿಸುವ ಕಾರಣಗಳನ್ನು ಹುಡುಕುವುದಷ್ಟೇ ರಕ್ತಪರೀಕ್ಷೆಯ ಕೆಲಸ. ರಕ್ತಹೀನತೆ, ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ಗ್ರಂಥಿಯ ಮಾಂದ್ಯ, ಸಕ್ಕರೆಯ ಏರುಪೇರು, ಸೋಡಿಯಂ ಇಳಿಕೆ, ಮೂತ್ರಪಿಂಡ ಮತ್ತು ಯಕೃತ್ತಿನ ತೊಂದರೆ ಇವುಗಳಲ್ಲಿ ಮುಖ್ಯವಾದವು. ಇವುಗಳಲ್ಲಿ ಹಲವು ಅಗ್ಗದ ಮಾತ್ರೆಯಿಂದ ಸರಿಹೋಗುವಂಥವು. ಹೀಗಾಗಿ ಕಾರಣ ಸಿಗುವ ಸಂಭವ ಕಡಿಮೆಯಿದ್ದರೂ ಹುಡುಕುವುದು ಲಾಭವೇ.

ಪ್ರದೇಶ

ಥಾಣೆ, ಡೊಂಬಿವಲಿ, ಕಲ್ಯಾಣ್‌ಗಳು ಮಧ್ಯ ರೈಲ್ವೆಯ ಹಳಿಯ ಮೇಲೆ ಬೆಳೆದ ಊರುಗಳು. ಕಲ್ಯಾಣ್‌ನಿಂದ ಮುಂಬಯಿ ಸಿಎಸ್‌ಎಂಟಿಗೆ ಸುಮಾರು 53 ಕಿಲೋಮೀಟರ್. ಬ್ಯಾಂಕು, ರೈಲ್ವೆ, ಹೋಟೆಲು, ಕಾರ್ಖಾನೆಗಳ ಕೆಲಸಕ್ಕೆಂದು ದಕ್ಷಿಣ ಕನ್ನಡ, ಉಡುಪಿ, ಉತ್ತರ ಕರ್ನಾಟಕಗಳಿಂದ ಬಂದ ಕನ್ನಡಿಗರು ಇಲ್ಲಿ ಹಲವು ತಲೆಮಾರುಗಳಿಂದ ನೆಲೆಸಿದ್ದಾರೆ. ನಸುಕಿಗೆ ಎದ್ದು ಲೋಕಲ್ ಹಿಡಿದು ರಾತ್ರಿ ತಡವಾಗಿ ಮನೆ ಸೇರುವವರಲ್ಲಿ ನಿದ್ದೆಗೇಡಿನ ಮಂಕು ಯಾವುದು, ಕಾಯಿಲೆಯ ಮಂಕು ಯಾವುದು ಎಂದು ಬೇರ್ಪಡಿಸುವುದು ಸುಲಭವಲ್ಲ. ‘ಟ್ರೈನಿನ ಆಯಾಸ’ ಎಂದು ವರ್ಷಗಟ್ಟಲೆ ತಳ್ಳಿಹಾಕಿದ್ದು ಕೊನೆಗೆ ಥೈರಾಯ್ಡ್ ಆಗಿರಬಹುದು. ಥೈರಾಯ್ಡ್ ಎಂದುಕೊಂಡಿದ್ದು ಬರಿಯ ಐದು ಗಂಟೆಯ ನಿದ್ದೆಯ ಫಲವೂ ಆಗಿರಬಹುದು.

ಭಾರತದ ರಕ್ತಪರೀಕ್ಷೆಯ ಉದ್ಯಮದಲ್ಲಿ ಈ ಪ್ರದೇಶದ ಪಾತ್ರ ದೊಡ್ಡದು. ಪರಮಾಣು ಶಕ್ತಿ ಇಲಾಖೆಯ ವಿಕಿರಣ ಮತ್ತು ಐಸೊಟೋಪ್ ತಂತ್ರಜ್ಞಾನ ಮಂಡಳಿಯ ವಾಶಿ ಸಂಕೀರ್ಣದಲ್ಲಿ ಥೈರಾಯ್ಡ್ ಹಾರ್ಮೋನುಗಳನ್ನು ವಿಕಿರಣಶೀಲ ಅಯೋಡಿನ್ ಬಳಸಿ ಅಳೆಯುವ ಕಿಟ್‌ಗಳು ತಯಾರಾಗಿ ದೇಶದ ಪ್ರಯೋಗಾಲಯಗಳಿಗೆ ಹೋಗುತ್ತಿದ್ದವು. ಭಾಭಾ ಪರಮಾಣು ಸಂಶೋಧನಾ ಕೇಂದ್ರದಲ್ಲಿ ನೌಕರಿಯಲ್ಲಿದ್ದ ಎ. ವೇಲುಮಣಿ 1996ರಲ್ಲಿ ಥೈರಾಯ್ಡ್ ಪರೀಕ್ಷೆಗೆಂದೇ ಕಟ್ಟಿದ ಥೈರೋಕೇರ್‌ನ ಕೇಂದ್ರ ಪ್ರಯೋಗಾಲಯ ನವಿಮುಂಬಯಿಯ ತುರ್ಭೆಯಲ್ಲಿದೆ. ದೂರದ ಊರುಗಳಿಂದ ಸ್ಯಾಂಪಲ್ ತರಿಸಿಕೊಂಡು ಒಂದೇ ಕಡೆ ದೊಡ್ಡ ಯಂತ್ರಗಳಲ್ಲಿ ಪರೀಕ್ಷಿಸುವ ಪದ್ಧತಿಯಿಂದ ಬೆಲೆ ಇಳಿಯಿತು, ಜೊತೆಗೆ ವೈದ್ಯರ ಚೀಟಿಯಿಲ್ಲದೆ ಪರೀಕ್ಷೆ ಮಾಡಿಸುವ ರೂಢಿಯೂ ಬೆಳೆಯಿತು.

ಮೊದಲು ವಿಚಾರಣೆ

ಯಾವ ಪರೀಕ್ಷೆ ಬೇಕೆಂಬುದು ರೋಗಿಯ ಉತ್ತರಗಳಿಂದ ತೀರ್ಮಾನವಾಗಬೇಕು. ಮಂಕು ಯಾವಾಗ ಶುರುವಾಯಿತು, ದಿನದ ಯಾವ ಹೊತ್ತಿಗೆ ಹೆಚ್ಚು, ಮುಟ್ಟಿನಲ್ಲಿ ರಕ್ತಸ್ರಾವ ಎಷ್ಟು, ಊಟದಲ್ಲಿ ಮೀನು–ಮೊಟ್ಟೆ ಇದೆಯೇ, ಕಾಲಲ್ಲಿ ಜೋಮು ಹಿಡಿಯುತ್ತದೆಯೇ, ಗೊರಕೆ ಇದೆಯೇ, ಇತ್ತೀಚೆಗೆ ಡೆಂಗಿ ಅಥವಾ ಕೋವಿಡ್ ಬಂದಿತ್ತೇ, ಮನಸ್ಸು ಕುಗ್ಗಿದೆಯೇ ಎಂಬ ಪ್ರಶ್ನೆಗಳು ಅರ್ಧ ದಾರಿ ತೋರಿಸುತ್ತವೆ. ಮನೆಯಲ್ಲಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್‌ಗಳನ್ನೂ ಚೀಲದಲ್ಲಿ ಹಾಕಿ ವೈದ್ಯರಿಗೆ ತೋರಿಸುವುದು ಎಷ್ಟೋ ಪರೀಕ್ಷೆಗಳಿಗಿಂತ ಉಪಯುಕ್ತ. ನೆಗಡಿಗೆ ನುಂಗುವ ಕ್ಲೋರ್‌ಫೆನಿರಮಿನ್, ನಿದ್ದೆಗೆ ಅಭ್ಯಾಸವಾದ ಆಲ್ಪ್ರಜೋಲಾಮ್, ನರನೋವಿಗೆ ಕೊಟ್ಟ ಅಮಿಟ್ರಿಪ್ಟಿಲಿನ್ ಇವೆಲ್ಲ ತಲೆಯನ್ನು ಮಂಕಾಗಿಸುತ್ತವೆ; ಮಾಮೂಲಿ ರಕ್ತಪರೀಕ್ಷೆಯ ವರದಿಯಲ್ಲಿ ಇವುಗಳ ಸುಳಿವೂ ಇರುವುದಿಲ್ಲ.

ಗಂಟೆಗಳಲ್ಲಿ ಅಥವಾ ಒಂದೆರಡು ದಿನಗಳಲ್ಲಿ ಹಠಾತ್ತನೆ ಗೊಂದಲ ಆವರಿಸಿದರೆ, ಮಾತು ತೊದಲಿದರೆ, ಒಂದು ಕೈ ಸೋತರೆ, ಜ್ವರದೊಡನೆ ಪ್ರಜ್ಞೆ ತಪ್ಪತೊಡಗಿದರೆ ಅದು ಬ್ರೇನ್ ಫಾಗ್ ಅಲ್ಲ. ಆಗ ಹೋಗಬೇಕಾದ್ದು ಲ್ಯಾಬಿಗಲ್ಲ, ಆಸ್ಪತ್ರೆಯ ತುರ್ತು ವಿಭಾಗಕ್ಕೆ.

ಸಿಬಿಸಿ ಮತ್ತು ಕಬ್ಬಿಣ

ಎಲ್ಲಕ್ಕೂ ಮೊದಲು ಮಾಡಿಸುವ ಪರೀಕ್ಷೆ ಸಿಬಿಸಿ, ಅಂದರೆ ರಕ್ತಕಣಗಳ ಪೂರ್ಣ ಎಣಿಕೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಡೆಸಿಲೀಟರಿಗೆ ಗಂಡಸರಲ್ಲಿ 13 ಗ್ರಾಂ, ಗರ್ಭಿಣಿಯಲ್ಲದ ಹೆಂಗಸರಲ್ಲಿ 12 ಗ್ರಾಂ, ಗರ್ಭಿಣಿಯರಲ್ಲಿ ಸುಮಾರು 11 ಗ್ರಾಂಗಿಂತ ಕಡಿಮೆ ಹಿಮೋಗ್ಲೋಬಿನ್ ಇದ್ದರೆ ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ರಕ್ತಹೀನತೆಯ ಪ್ರಮಾಣ ದೇಶದಲ್ಲಿ 57%, ಮಹಾರಾಷ್ಟ್ರದಲ್ಲಿ 54.2%. ಸಮೀಕ್ಷೆಯಲ್ಲಿ ಬೆರಳು ಚುಚ್ಚಿ ತೆಗೆದ ಹನಿಯನ್ನು ಬಳಸಿದ್ದರಿಂದ ಸಂಖ್ಯೆಯ ಬಗ್ಗೆ ತಜ್ಞರಲ್ಲಿ ಚರ್ಚೆಯಿದೆ. ಸಮಸ್ಯೆ ವ್ಯಾಪಕವೆಂಬುದರಲ್ಲಿ ಚರ್ಚೆಯಿಲ್ಲ.

ಹಿಮೋಗ್ಲೋಬಿನ್ ಇಳಿಯುವ ಮೊದಲೇ ದೇಹದ ಕಬ್ಬಿಣದ ದಾಸ್ತಾನು ಬರಿದಾಗಿರುತ್ತದೆ. ಅದನ್ನು ತೋರಿಸುವುದು ಫೆರಿಟಿನ್. ಆರೋಗ್ಯವಂತ ವಯಸ್ಕರಲ್ಲಿ ಲೀಟರಿಗೆ 15 ಮೈಕ್ರೋಗ್ರಾಂಗಿಂತ ಕಡಿಮೆಯಿದ್ದರೆ ಕೊರತೆ ಖಚಿತ. ರೋಗಲಕ್ಷಣವಿದ್ದವರಲ್ಲಿ 30ಕ್ಕಿಂತ ಕಡಿಮೆಯಿದ್ದರೂ ಅನೇಕ ವೈದ್ಯರು ಕಬ್ಬಿಣ ಶುರುಮಾಡುತ್ತಾರೆ. ಸೋಂಕು ಅಥವಾ ಉರಿಯೂತವಿದ್ದಾಗ ಫೆರಿಟಿನ್ ಸುಳ್ಳಾಗಿ ಏರುತ್ತದೆ. ಆದಕಾರಣ ಮಳೆಗಾಲದ ಜ್ವರ ಬಿಟ್ಟ ವಾರದಲ್ಲೇ ಮಾಡಿಸಿದ ಫೆರಿಟಿನ್ ನಂಬಿಕೆಗೆ ಅರ್ಹವಲ್ಲ. ಕೊರತೆ ಸಿಕ್ಕಿದರೆ ಮಾತ್ರೆ ಕೊಟ್ಟು ಮುಗಿಸುವಂತಿಲ್ಲ, ರಕ್ತ ಎಲ್ಲಿ ಹೋಗುತ್ತಿದೆ ಎಂದೂ ನೋಡಬೇಕು: ಹೆಂಗಸರಲ್ಲಿ ಮುಟ್ಟು, ವಯಸ್ಸಾದವರಲ್ಲಿ ಹೊಟ್ಟೆ ಮತ್ತು ಕರುಳು. ಊಟದ ಬೆನ್ನಿಗೇ ಕುಡಿಯುವ ಚಹಾ–ಕಾಫಿ ಕಬ್ಬಿಣ ಹೀರಿಕೆಗೆ ಅಡ್ಡ ಬರುತ್ತದೆಂಬುದೂ ಇಲ್ಲಿ ನೆನಪಿಡತಕ್ಕದ್ದು.

ಕಲ್ಯಾಣ್ ಪಕ್ಕದ ಉಲ್ಹಾಸನಗರದಿಂದಾಗಿ ಸಿಬಿಸಿ ಓದುವ ರೀತಿಗೆ ಈ ಪ್ರದೇಶದಲ್ಲಿ ಇನ್ನೊಂದು ಆಯಾಮವಿದೆ. ದೇಶವಿಭಜನೆಯ ನಂತರ ಸಿಂಧಿ ನಿರಾಶ್ರಿತರನ್ನು ಕಲ್ಯಾಣ್ ಶಿಬಿರದಲ್ಲಿ ಇರಿಸಲಾಯಿತು, ಅದೇ ಉಲ್ಹಾಸನಗರವಾಯಿತು. ಸಿಂಧಿ, ಲೋಹಾಣ, ಭಾನುಶಾಲಿ ಸಮುದಾಯಗಳಲ್ಲಿ ಬೀಟಾ ಥಲಸ್ಸೀಮಿಯಾ ವಾಹಕರು ಹೆಚ್ಚು, ಆದರೆ ಇದು ಯಾವ ಸಮುದಾಯದಲ್ಲೂ ಇರಬಹುದು. ವಾಹಕನ ಕೆಂಪುಕಣಗಳೂ ಕಬ್ಬಿಣದ ಕೊರತೆಯವರ ಕಣಗಳಂತೆ ಚಿಕ್ಕವು. ವ್ಯತ್ಯಾಸ ವರದಿಯ ಎರಡು ಸಾಲುಗಳನ್ನು ಜೊತೆಗಿಟ್ಟು ಓದಿದಾಗ ಕಾಣುತ್ತದೆ. ಹಿಮೋಗ್ಲೋಬಿನ್ 11.8, ಕೆಂಪುಕಣ 58 ಲಕ್ಷ, ಕಣಗಾತ್ರ ಅಂದರೆ ಎಂಸಿವಿ 66 ಇರುವ ವರದಿಯಲ್ಲಿ 66ನ್ನು 5.8ರಿಂದ ಭಾಗಿಸಿದರೆ ಬರುವುದು ಸುಮಾರು 11.4. ಈ ಭಾಗಲಬ್ಧ 13ಕ್ಕಿಂತ ಕಡಿಮೆಯಿದ್ದರೆ ಥಲಸ್ಸೀಮಿಯಾ ವಾಹಕತ್ವದ ಶಂಕೆ, ಹೆಚ್ಚಿದ್ದರೆ ಕಬ್ಬಿಣದ ಕೊರತೆಯ ಶಂಕೆ. ಇದು ಸೂಚನೆ ಮಾತ್ರ. ಫೆರಿಟಿನ್ ನೋಡಿ, ಎಚ್‌ಪಿಎಲ್‌ಸಿ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಎ2 ಸುಮಾರು 3.5%ಕ್ಕಿಂತ ಹೆಚ್ಚಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ವಾಹಕತ್ವ ಸಾಮಾನ್ಯವಾಗಿ ಮಂಕಿಗೆ ಕಾರಣವಲ್ಲ. ಫೆರಿಟಿನ್ ಸರಿಯಿರುವ ವಾಹಕನಿಗೆ ವರ್ಷಗಟ್ಟಲೆ ಕಬ್ಬಿಣ ತಿನ್ನಿಸುವುದು ವ್ಯರ್ಥ, ಕೆಲವೊಮ್ಮೆ ಹಾನಿಕರ.

ಬಿ12 ಮತ್ತು ಫೋಲೇಟ್

ನರಗಳ ಹೊದಿಕೆಗೆ ಬೇಕಾದ ಬಿ12 ಸಹಜವಾಗಿ ಸಿಗುವುದು ಮೀನು, ಮಾಂಸ, ಮೊಟ್ಟೆ, ಹಾಲುಗಳಲ್ಲಿ. ಇದರ ಕೊರತೆ ಪಶ್ಚಿಮ ಭಾರತದಲ್ಲಿ ಎಷ್ಟು ಸಾಮಾನ್ಯವೆಂದು ಪುಣೆಯ ಕೆಇಎಂ ಆಸ್ಪತ್ರೆಯ ಚಿತ್ತರಂಜನ ಯಾಜ್ಞಿಕ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು: ಪರೀಕ್ಷಿಸಿದ ಗಂಡಸರಲ್ಲಿ 67% ಮಂದಿಗೆ ಬಿ12 ಕಡಿಮೆಯಿತ್ತು, ನಗರದ ಮಧ್ಯಮವರ್ಗದವರಲ್ಲಿ ಅದು 81%. ಡೊಂಬಿವಲಿಯ ಕನ್ನಡ ಮನೆಗಳಿಗೆ ಇದು ದೂರದ ಸುದ್ದಿಯಲ್ಲ. ಬಂಗುಡೆ, ಬೂತಾಯಿ ಮೀನು ತಿನ್ನುವ ಕರಾವಳಿಯ ಮನೆಗಳಿಗೆ ಬಿ12 ತಾನಾಗಿ ದಕ್ಕುತ್ತದೆ. ಸಾರು–ಪಲ್ಯ–ಮಜ್ಜಿಗೆಯ ಶಾಕಾಹಾರಿ ಮನೆಗಳಲ್ಲಿ ಹಾಲು–ಮೊಸರಿನ ಪ್ರಮಾಣದ ಮೇಲೆಯೇ ಎಲ್ಲ ನಿಂತಿರುತ್ತದೆ, ನೀರು ಮಜ್ಜಿಗೆಯಿಂದ ಆಗುವುದು ಅಷ್ಟಕ್ಕಷ್ಟೇ. ಇಡ್ಲಿ ಹಿಟ್ಟು ಹುದುಗುವುದರಿಂದ ಸಾಕಷ್ಟು ಬಿ12 ಸಿಗುತ್ತದೆಂಬ ನಂಬಿಕೆಯನ್ನು ನೆಚ್ಚಿಕೊಳ್ಳುವಂತಿಲ್ಲ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮತ್ತು ಅಸಿಡಿಟಿಗೆ ಪ್ಯಾಂಟೊಪ್ರಜೋಲ್‌ನಂಥ ಮಾತ್ರೆಗಳನ್ನು ವರ್ಷಗಟ್ಟಲೆ ತಿನ್ನುವವರಲ್ಲಿ ಹೀರಿಕೆ ಕಡಿಮೆಯಾಗುತ್ತದೆ. ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2022ರಲ್ಲಿ ಮೆಟ್‌ಫಾರ್ಮಿನ್ ಬಗ್ಗೆ ಈ ಎಚ್ಚರಿಕೆ ಕೊಟ್ಟಿತು.

ಮಿಲಿಲೀಟರಿಗೆ 200 ಪಿಕೊಗ್ರಾಂಗಿಂತ ಕಡಿಮೆಯಿದ್ದರೆ ಕೊರತೆ, 200ರಿಂದ 300ರವರೆಗೆ ಸಂದೇಹದ ವಲಯ. ಸಂದೇಹವಿದ್ದಲ್ಲಿ ಹೋಮೊಸಿಸ್ಟೀನ್ ಅಥವಾ ಮೀಥೈಲ್‌ಮ್ಯಾಲೋನಿಕ್ ಆಮ್ಲ ನೋಡುತ್ತಾರೆ. ಬಿ12 ಸಾಲದಿದ್ದರೆ ಎರಡೂ ಏರುತ್ತವೆ. ಕೆಂಪುಕಣ ದೊಡ್ಡದಾಗಿರಬೇಕು, ರಕ್ತಹೀನತೆ ಇರಬೇಕು ಎಂಬ ನಿಯಮವಿಲ್ಲ. ಕಬ್ಬಿಣ ಮತ್ತು ಬಿ12 ಎರಡೂ ಕಡಿಮೆಯಿರುವ ಶಾಕಾಹಾರಿ ಗೃಹಿಣಿಯಲ್ಲಿ ಒಂದು ಕಣವನ್ನು ಕಿರಿದಾಗಿಸುತ್ತದೆ, ಇನ್ನೊಂದು ಹಿರಿದಾಗಿಸುತ್ತದೆ. ಸರಾಸರಿ ಗಾತ್ರ ‘ನಾರ್ಮಲ್’ ಎಂದು ಬಂದುಬಿಡುತ್ತದೆ. ಗಾತ್ರಗಳ ಏರಿಳಿತ ತೋರಿಸುವ ಆರ್‌ಡಿಡಬ್ಲ್ಯು ಮಾತ್ರ ಹೆಚ್ಚಿರುತ್ತದೆ. ಮತ್ತೊಂದು ತೊಡಕು ಮೆಡಿಕಲ್ ಅಂಗಡಿಯಿಂದ ಬರುವಂಥದು. ಸುಸ್ತಿಗೆಂದು ಮೀಥೈಲ್‌ಕೊಬಾಲಮಿನ್ ಕ್ಯಾಪ್ಸೂಲ್ ನುಂಗಿಯೋ ಇಂಜೆಕ್ಷನ್ ಚುಚ್ಚಿಸಿಕೊಂಡೋ ಮರುವಾರ ಪರೀಕ್ಷೆಗೆ ಹೋದವರ ಬಿ12 ಅಂಕಿ ಯಂತ್ರದ ಮೇಲ್ಮಿತಿ ದಾಟಿರುತ್ತದೆ. ಹಿಂದೆ ಕೊರತೆಯಿತ್ತೇ ಎಂಬುದನ್ನು ಆ ಅಂಕಿ ಹೇಳಲಾರದು.

ಫೋಲಿಕ್ ಆಮ್ಲದ ಚರಿತ್ರೆಯಲ್ಲಿ ಮುಂಬಯಿಯ ಹೆಸರಿದೆ. 1928ರಲ್ಲಿ ಇಲ್ಲಿಗೆ ಬಂದ ಇಂಗ್ಲಿಷ್ ವೈದ್ಯೆ ಲೂಸಿ ವಿಲ್ಸ್, ಬಡ ಗರ್ಭಿಣಿಯರ ದೊಡ್ಡಕಣದ ರಕ್ತಹೀನತೆಗೆ ಮಾರ್ಮೈಟ್ ಎಂಬ ಯೀಸ್ಟ್ ಸಾರ ಮದ್ದಾಗುವುದನ್ನು ಕಂಡು 1931ರಲ್ಲಿ ಪ್ರಕಟಿಸಿದರು. ಅದರಲ್ಲಿದ್ದ ಗುಣಕಾರಿ ಅಂಶವೇ ಫೋಲೇಟ್ ಎಂದು ಮುಂದೆ ತಿಳಿಯಿತು. ಬಿ12 ಕೊರತೆಯಿದ್ದವರಿಗೆ ಫೋಲಿಕ್ ಆಮ್ಲವನ್ನಷ್ಟೇ ಕೊಟ್ಟರೆ ರಕ್ತ ಸುಧಾರಿಸುತ್ತದೆ, ನರಗಳ ಹಾನಿ ಒಳಗೊಳಗೇ ಮುಂದುವರಿಯುತ್ತದೆ. ಬಿ12 ನೋಡದೆ ಫೋಲಿಕ್ ಮಾತ್ರೆ ಬರೆಯಬಾರದೆಂಬ ಎಚ್ಚರ ಇದರಿಂದಲೇ ಬಂದದ್ದು.

ಥೈರಾಯ್ಡ್

ಬೆಂಗಳೂರು, ಮುಂಬಯಿ ಸೇರಿದಂತೆ ಎಂಟು ನಗರಗಳ 5,376 ವಯಸ್ಕರನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 10.95% ಮಂದಿಗೆ ಥೈರಾಯ್ಡ್ ಮಾಂದ್ಯವಿತ್ತು. ಪರೀಕ್ಷೆ ಥೈರಾಯ್ಡ್ ಗ್ರಂಥಿಯನ್ನು ಪ್ರಚೋದಿಸುವ ಹಾರ್ಮೋನಾದ ಟಿಎಸ್‌ಹೆಚ್‌ನಿಂದ ಶುರುವಾಗುತ್ತದೆ. ಅದು ಸರಿಯಿಲ್ಲದಿದ್ದರೆ ಫ್ರೀ ಟಿ4, ಬಳಿಕ ಬೇಕಿದ್ದರೆ ಟಿಪಿಒ ಪ್ರತಿಕಾಯ. ಟಿಎಸ್‌ಹೆಚ್ ಸುಮಾರು 0.4ರಿಂದ 4ರೊಳಗೆ ಇರುವುದು ವಾಡಿಕೆ. 10ಕ್ಕಿಂತ ಮೇಲಿದ್ದು ಟಿ4 ಇಳಿದಿದ್ದರೆ ಮಂಕಿಗೆ ಕಾರಣ ಸಿಕ್ಕಿತೆಂದು ಬಹುಮಟ್ಟಿಗೆ ಹೇಳಬಹುದು. ತೊಡಕಿರುವುದು 4ರಿಂದ 10ರ ನಡುವೆ. 65 ದಾಟಿದ 737 ಜನರ ಮೇಲೆ ಯೂರೋಪಿನಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಇಂಥ ಅಲ್ಪ ಏರಿಕೆಗೆ ಥೈರಾಕ್ಸಿನ್ ಕೊಟ್ಟದ್ದರಿಂದ ಆಯಾಸವಾಗಲಿ ಇತರ ಲಕ್ಷಣಗಳಾಗಲಿ ತಗ್ಗಲಿಲ್ಲ. ಒಮ್ಮೆ 5.8 ಬಂತೆಂದು ಜೀವಮಾನದ ಮಾತ್ರೆ ಹಚ್ಚುವುದು ಆತುರ. ಎರಡು–ಮೂರು ತಿಂಗಳು ಬಿಟ್ಟು ಮತ್ತೊಮ್ಮೆ ನೋಡುವುದು ವಾಸಿ.

ಟಿಎಸ್‌ಹೆಚ್ ರಾತ್ರಿ ಏರಿ ಹಗಲು ಇಳಿಯುವ ಹಾರ್ಮೋನು. ಐರೋಲಿ, ಘನ್ಸೋಲಿಯ ಕಚೇರಿಗಳಲ್ಲಿ ರಾತ್ರಿಪಾಳಿ ಮುಗಿಸಿ ನೇರವಾಗಿ ಲ್ಯಾಬಿಗೆ ಬಂದವರಲ್ಲಿ ಅದು ತುಸು ಹೆಚ್ಚಾಗಿ ಕಾಣಬಹುದು. ಕೂದಲು ಉದುರುವಿಕೆಗೆ ನುಂಗುವ ಬಯೋಟಿನ್ ಇನ್ನೊಂದು ಅಡ್ಡಿ: ಕೆಲವು ಯಂತ್ರಗಳಲ್ಲಿ ಅದು ಟಿಎಸ್‌ಹೆಚ್ಚನ್ನು ಕಡಿಮೆಯಾಗಿಯೂ ಟಿ4ನ್ನು ಹೆಚ್ಚಾಗಿಯೂ ತೋರಿಸಿ ಇಲ್ಲದ ಕಾಯಿಲೆ ಇರುವಂತೆ ಮಾಡುತ್ತದೆ. ಅಮೆರಿಕದ ಎಫ್‌ಡಿಎ 2017ರಲ್ಲಿ ಈ ಬಗ್ಗೆ ಎಚ್ಚರಿಸಿತು. ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲು ಬಯೋಟಿನ್ ನಿಲ್ಲಿಸಬೇಕು.

ಸಕ್ಕರೆ, ಲವಣ, ಮೂತ್ರಪಿಂಡ, ಯಕೃತ್ತು

ಉಪವಾಸದ ಸಕ್ಕರೆ 126 ಅಥವಾ ಮೇಲೆ, ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ 6.5% ಅಥವಾ ಮೇಲೆ ಇದ್ದರೆ ಮಧುಮೇಹ. ಅದಾಗಲೇ ಮಧುಮೇಹಕ್ಕೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ಮಂಕು ಬರುವುದು ಸಕ್ಕರೆ 70ಕ್ಕಿಂತ ಕೆಳಗಿಳಿದಾಗಲೂ ಹೌದು. ಊಟ ತಪ್ಪಿಸಿ ರೈಲಿನಲ್ಲಿ ಸಿಕ್ಕಿಕೊಂಡವರಲ್ಲಿ ಇದು ಅಪರೂಪವಲ್ಲ. ಆಗ ಮರುದಿನದ ಲ್ಯಾಬ್ ವರದಿಗಿಂತ ಆ ಕ್ಷಣದ ಗ್ಲುಕೋಮೀಟರ್ ಅಂಕಿ ಮುಖ್ಯ. ಕಬ್ಬಿಣದ ಕೊರತೆಯಲ್ಲಿ ಎಚ್‌ಬಿಎ1ಸಿ ಹೆಚ್ಚಾಗಿ ಕಾಣುವುದುಂಟು, ಥಲಸ್ಸೀಮಿಯಾದಂಥ ತೊಂದರೆಗಳಲ್ಲೂ ಅದನ್ನು ನಂಬಲಾಗದು.

ವಯಸ್ಸಾದವರಲ್ಲಿ ತಪ್ಪದೆ ನೋಡಬೇಕಾದ್ದು ಸೋಡಿಯಂ. ಲೀಟರಿಗೆ 135ರಿಂದ 145 ಮಿಲಿಮೋಲ್ ಇರಬೇಕಾದ್ದು ಇಳಿದಂತೆ ಮಂಕು, ತೂಕಡಿಕೆ, ತೂರಾಟ ಶುರುವಾಗುತ್ತದೆ. ಮನೆಯವರು ಅದನ್ನು ಅರಳುಮರಳು ಎಂದು ತಿಳಿಯುತ್ತಾರೆ. ಹೆಸರಿನ ಕೊನೆಗೆ ‘ಹೆಚ್’ ಅಕ್ಷರವಿರುವ ಬಿಪಿ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಹೈಡ್ರೊಕ್ಲೋರೋಥಯಾಜೈಡ್ ಇರುತ್ತದೆ. ಸೋಡಿಯಂ ಇಳಿಸುವುದರಲ್ಲಿ ಅದಕ್ಕೂ ಕೆಲವು ಖಿನ್ನತೆಯ ಮಾತ್ರೆಗಳಿಗೂ ದೊಡ್ಡ ಪಾಲಿದೆ. ಕ್ಯಾಲ್ಸಿಯಂ, ಕ್ರಿಯಾಟಿನಿನ್, ಯಕೃತ್ತಿನ ಪರೀಕ್ಷೆಗಳು ಮೊದಲ ಸುತ್ತಿನಲ್ಲೇ ಸೇರುತ್ತವೆ. ಇಎಸ್‌ಆರ್ ಅಥವಾ ಸಿಆರ್‌ಪಿ ಏರಿದ್ದರೆ ದೇಹದಲ್ಲಿ ಎಲ್ಲೋ ಉರಿಯೂತವಿದೆ ಎಂದಷ್ಟೇ ತಿಳಿಯುತ್ತದೆ.

ಎರಡನೆಯ ಸುತ್ತು

ಎಚ್‌ಐವಿ, ಸಿಫಿಲಿಸ್, ಗೋಧಿ ಒಗ್ಗದ ಸೀಲಿಯಾಕ್ ರೋಗ, ಬೆಳಗಿನ ಕಾರ್ಟಿಸಾಲ್, ಸ್ವಯಂರೋಧಕ ರೋಗಗಳ ಸುಳಿವು ಕೊಡುವ ಎಎನ್‌ಎ ಮುಂತಾದವನ್ನು ವಿಚಾರಣೆಯಲ್ಲಿ ಸುಳಿವು ಸಿಕ್ಕಿದರೆ ಮಾತ್ರ ಮಾಡಿಸತಕ್ಕದ್ದು. ಡೊಂಬಿವಲಿ ಎಂಐಡಿಸಿ ಮತ್ತು ಥಾಣೆ–ಬೇಲಾಪುರ ರಸ್ತೆಯ ಕೈಗಾರಿಕಾ ಪಟ್ಟಿ ಇರುವ ಈ ಪ್ರದೇಶದಲ್ಲಿ ಉದ್ಯೋಗದ ಪ್ರಶ್ನೆಯನ್ನು ಮರೆಯಬಾರದು. ಬ್ಯಾಟರಿ, ಬಣ್ಣ, ಬೆಸುಗೆಯ ಕೆಲಸದವರಲ್ಲಿ ಸೀಸದ ಮಟ್ಟ ನೋಡಲು ಲೋಹರಹಿತ ಕೊಳವೆಯಲ್ಲಿ ರಕ್ತ ತೆಗೆಯಬೇಕಾಗುತ್ತದೆ. ಸೀಸ ಮನೆಯೊಳಗೂ ಬರಬಹುದು: ಬಾಸ್ಟನ್ ನಗರದ ಅಂಗಡಿಗಳಲ್ಲಿ ಕೊಂಡ, ದಕ್ಷಿಣ ಏಷ್ಯದಲ್ಲಿ ತಯಾರಾದ 70 ಆಯುರ್ವೇದ ಔಷಧಿಗಳಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇದ್ದದ್ದು 2004ರಲ್ಲಿ ವರದಿಯಾಯಿತು. ದ್ರಾವಕಗಳ ಆವಿಯಿಂದ ಬರುವ ಮಂಕನ್ನು ಮಾಮೂಲಿ ರಕ್ತಪರೀಕ್ಷೆ ಹಿಡಿಯುವುದಿಲ್ಲ. ರಜೆಯಲ್ಲಿ ಊರಿಗೆ ಹೋದಾಗ ತಲೆ ತಿಳಿಯಾಗುತ್ತದೆಯೇ ಎಂಬ ಪ್ರಶ್ನೆ ಹಿಡಿಯುತ್ತದೆ.

ಡಿ ಜೀವಸತ್ವದ ಪರೀಕ್ಷೆ ಬಹುತೇಕ ಎಲ್ಲ ಪ್ಯಾಕೇಜುಗಳಲ್ಲೂ ಇದೆ, ಕಡಿಮೆಯೂ ಬರುತ್ತದೆ. ಅದನ್ನು ಸರಿಪಡಿಸಿದರೆ ಮಂಕು ಹೋಗುತ್ತದೆಂಬುದಕ್ಕೆ ಪುರಾವೆ ದುರ್ಬಲ. ಆರೋಗ್ಯವಂತ ವಯಸ್ಕರಲ್ಲಿ ಇದನ್ನು ವಾಡಿಕೆಯಾಗಿ ಪರೀಕ್ಷಿಸಬೇಕಿಲ್ಲವೆಂದು ಅಮೆರಿಕದ ಎಂಡೊಕ್ರೈನ್ ಸೊಸೈಟಿ 2024ರಲ್ಲಿ ಹೇಳಿತು. ಆಹಾರ ಒಗ್ಗದಿರುವಿಕೆಗೆಂದು ಮಾರುವ ಐಜಿಜಿ ಪಟ್ಟಿಗಳಿಂದ ಪ್ರಯೋಜನವಿಲ್ಲ.

ಸ್ಯಾಂಪಲ್ ಮತ್ತು ವರದಿ

ಮನೆಗೇ ಬಂದು ರಕ್ತ ತೆಗೆಯುವುದು ಇಲ್ಲಿ ಮಾಮೂಲು. ನೇರಳೆ ಮುಚ್ಚಳದ ಕೊಳವೆ ಸಿಬಿಸಿ ಮತ್ತು ಎಚ್‌ಬಿಎ1ಸಿಗೆ, ಬೂದು ಮುಚ್ಚಳದ್ದು ಸಕ್ಕರೆಗೆ, ಹಳದಿ ಅಥವಾ ಕೆಂಪು ಮುಚ್ಚಳದ್ದು ಉಳಿದ ಹೆಚ್ಚಿನವಕ್ಕೆ. ರಕ್ತಕಣಗಳು ಕೊಳವೆಯಲ್ಲೂ ಸಕ್ಕರೆ ತಿನ್ನುತ್ತಲೇ ಇರುತ್ತವೆ. ಬೂದು ಮುಚ್ಚಳದ ಕೊಳವೆಯಲ್ಲಿ ಫ್ಲೋರೈಡ್ ಇರುವುದು ಅದನ್ನು ತಡೆಯಲು. ಒರಟಾಗಿ ಎಳೆದರೆ ಅಥವಾ ಬಿಸಿಲಲ್ಲಿ ಬೈಕಿನ ಮೇಲೆ ಕುಲುಕಾಡಿದರೆ ಕಣಗಳು ಒಡೆದು ಪೊಟ್ಯಾಸಿಯಂ ಸುಳ್ಳಾಗಿ ಏರುತ್ತದೆ. ಉಪವಾಸ ಬೇಕಾಗುವುದು ಮುಖ್ಯವಾಗಿ ಸಕ್ಕರೆಗೆ. ಸಿಬಿಸಿ, ಎಚ್‌ಬಿಎ1ಸಿ, ಕ್ರಿಯಾಟಿನಿನ್‌ಗಳಿಗೆ ಬೇಕಿಲ್ಲ. ಲ್ಯಾಬಿಗೆ ಎನ್‌ಎಬಿಎಲ್ ಮಾನ್ಯತೆ ಇದೆಯೇ, ಆ ನಿರ್ದಿಷ್ಟ ಪರೀಕ್ಷೆಗೂ ಅದು ಅನ್ವಯಿಸುತ್ತದೆಯೇ ಎಂದು ಕೇಳುವುದು ಒಳ್ಳೆಯದು. ಖಾಸಗಿ ಲ್ಯಾಬ್ ಬೇಡವೆಂದರೆ ಮಹಾನಗರಪಾಲಿಕೆಗಳ ಆಸ್ಪತ್ರೆಗಳಿವೆ: ಥಾಣೆಯವರಿಗೆ ಕಳ್ವಾದಲ್ಲಿರುವ ಛತ್ರಪತಿ ಶಿವಾಜಿ ಮಹಾರಾಜ್ ಆಸ್ಪತ್ರೆ, ಕಲ್ಯಾಣದಲ್ಲಿ ರುಕ್ಮಿಣಿಬಾಯಿ, ಡೊಂಬಿವಲಿಯಲ್ಲಿ ಶಾಸ್ತ್ರಿನಗರ ಆಸ್ಪತ್ರೆ, ನವಿಮುಂಬಯಿಯಲ್ಲಿ ವಾಶಿಯ ಪಾಲಿಕೆ ಆಸ್ಪತ್ರೆ.

ವರದಿಯಲ್ಲಿ ದಪ್ಪಕ್ಷರದಲ್ಲಿ ಅಚ್ಚಾದುದೆಲ್ಲ ರೋಗವಲ್ಲ. ಸಾಮಾನ್ಯ ಮಿತಿಯ ಗೆರೆಯನ್ನು ಆರೋಗ್ಯವಂತರಲ್ಲಿ 95% ಮಂದಿಯನ್ನು ಒಳಗೊಳ್ಳುವಂತೆ ಎಳೆದಿರುತ್ತಾರೆ. ಉಳಿದ 5% ಮಂದಿ ಏನೂ ಇಲ್ಲದೆಯೂ ಹೊರಗೆ ಬೀಳುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಮಾಡಿಸಿದರೆ ಪೂರ್ತಿ ಆರೋಗ್ಯವಂತನಲ್ಲೂ ಒಂದಾದರೂ ಗೆರೆ ದಾಟುವ ಸಂಭವ ಸುಮಾರು 64%. ಎಂಬತ್ತು–ನೂರು ಅಂಶಗಳ ಪ್ಯಾಕೇಜ್ ಅಗ್ಗವಾಗಿ ಕಂಡರೂ ಕೊನೆಗೆ ದುಬಾರಿಯಾಗುವುದು ಹೀಗೆ: ಅರ್ಥವಿಲ್ಲದ ಒಂದು ಅಂಕಿಯ ಬೆನ್ನು ಹತ್ತಿ ಸ್ಕ್ಯಾನ್, ತಜ್ಞರ ಭೇಟಿ, ಮತ್ತೆ ಪರೀಕ್ಷೆ. ಮೇಲೆ ಹೇಳಿದ ಎಂಟು–ಹತ್ತು ಪರೀಕ್ಷೆಗಳು ಮೊದಲ ಸುತ್ತಿಗೆ ಸಾಕು.

ರಕ್ತದಲ್ಲಿ ಕಾಣದ ಕಾರಣಗಳು

ಬಹಳ ಜನರ ವರದಿ ಪೂರ್ತಿ ಸರಿಯಾಗಿಯೇ ಬರುತ್ತದೆ. ನಿದ್ದೆಯ ಕೊರತೆ, ಖಿನ್ನತೆ, ಆತಂಕ, ಮೈಗ್ರೇನ್‌ಗಳಿಗೆ ರಕ್ತಪರೀಕ್ಷೆಯಿಲ್ಲ. ಗೊರಕೆಯ ನಡುವೆ ಉಸಿರು ಕಟ್ಟುವ ತೊಂದರೆ ಪತ್ತೆಯಾಗುವುದು ನಿದ್ರಾಪರೀಕ್ಷೆಯಲ್ಲಿ. 45 ದಾಟಿದ ಮಹಿಳೆಯರಲ್ಲಿ ಮುಟ್ಟು ನಿಲ್ಲುವ ಕಾಲದ ಮಂಕನ್ನು ಲಕ್ಷಣಗಳಿಂದಲೇ ಗುರುತಿಸಬಹುದು, ಹಾರ್ಮೋನು ಪರೀಕ್ಷೆ ಸಾಮಾನ್ಯವಾಗಿ ಅನಗತ್ಯ. ಕೋವಿಡ್ ನಂತರದ ಮಂಕಿನಲ್ಲೂ ಮಾಮೂಲಿ ಪರೀಕ್ಷೆಗಳು ಹೆಚ್ಚಾಗಿ ಸರಿಯಿರುತ್ತವೆ. ಬ್ರಿಟನ್ನಿನಲ್ಲಿ ಆಸ್ಪತ್ರೆ ಸೇರಿದ್ದ 1,837 ಕೋವಿಡ್ ರೋಗಿಗಳ ಅಧ್ಯಯನವೊಂದು 2023ರಲ್ಲಿ, ಕಾಯಿಲೆಯ ವೇಳೆ ಫೈಬ್ರಿನೋಜೆನ್ ಮತ್ತು ಡಿ–ಡೈಮರ್ ಹೆಚ್ಚಿದ್ದವರಲ್ಲಿ ಮುಂದೆ ಬುದ್ಧಿಯ ತೊಂದರೆ ಹೆಚ್ಚೆಂದು ತೋರಿಸಿತು. ಅದಿನ್ನೂ ರೋಗನಿರ್ಣಯದ ಪರೀಕ್ಷೆಯಾಗಿಲ್ಲ. ಆಲ್ಝೈಮರ್ ಶಂಕೆಗೆ ನೆರವಾಗುವ ಪಿ–ಟೌ217 ಆಧಾರಿತ ರಕ್ತಪರೀಕ್ಷೆಗೆ ಎಫ್‌ಡಿಎ 2025ರ ಮೇನಲ್ಲಿ ಅನುಮತಿ ಕೊಟ್ಟಿತು. ಅದು 55 ದಾಟಿದ, ಲಕ್ಷಣಗಳಿರುವ, ತಜ್ಞರ ನಿಗಾದಲ್ಲಿರುವ ರೋಗಿಗಳಿಗೆ. ಕೆಲಸದ ಒತ್ತಡದಲ್ಲಿ ಮರೆಯುವ ಮೂವತ್ತರ ಹರೆಯದವರಿಗಲ್ಲ.

ಮರುಪರೀಕ್ಷೆ

ಕಾರಣ ಸಿಕ್ಕಿ ಚಿಕಿತ್ಸೆ ಶುರುವಾದ ಮೇಲೆ ಪ್ರತಿಯೊಂದಕ್ಕೂ ಕಾಯಬೇಕಾದ ಅವಧಿ ಬೇರೆ. ಥೈರಾಕ್ಸಿನ್ ಪ್ರಮಾಣ ಬದಲಿಸಿದರೆ ಟಿಎಸ್‌ಹೆಚ್ ನೋಡುವುದು ಆರರಿಂದ ಎಂಟು ವಾರ ಬಿಟ್ಟು. ಎಚ್‌ಬಿಎ1ಸಿಗೆ ಮೂರು ತಿಂಗಳು. ಕಬ್ಬಿಣ ಶುರುಮಾಡಿದ ತಿಂಗಳಲ್ಲಿ ಹಿಮೋಗ್ಲೋಬಿನ್ ಏರಿಕೆ ಕಾಣಬೇಕು. ಅದು ಸರಿಹೋದ ಮೇಲೂ ದಾಸ್ತಾನು ತುಂಬಲು ಸುಮಾರು ಮೂರು ತಿಂಗಳು ಮಾತ್ರೆ ಮುಂದುವರಿಸುತ್ತಾರೆ. ಬಿ12 ಚಿಕಿತ್ಸೆಯಲ್ಲಿ ಒಂದು ವಾರದೊಳಗೇ ಹೊಸ ಕೆಂಪುಕಣಗಳು ಹೆಚ್ಚುತ್ತವೆ. ನರ ಮತ್ತು ನೆನಪಿನ ಸುಧಾರಣೆಗೆ ತಿಂಗಳುಗಳೇ ಬೇಕು, ಬಹಳ ಕಾಲ ನಿರ್ಲಕ್ಷಿಸಿದ ಕೊರತೆಯಲ್ಲಿ ಅದು ಪೂರ್ತಿಯಾಗಿ ಬಾರದಿರಲೂಬಹುದು. ಸೋಡಿಯಂ ಮಾತ್ರ ಗಂಟೆ–ದಿನಗಳ ಲೆಕ್ಕ: ಅದನ್ನು ಅವಸರದಿಂದ ಏರಿಸಿದರೆ ಮಿದುಳಿಗೇ ಅಪಾಯವಾದ್ದರಿಂದ ತೀವ್ರ ಇಳಿಕೆಯಿದ್ದವರನ್ನು ಆಸ್ಪತ್ರೆಯಲ್ಲಿಟ್ಟು ಮತ್ತೆ ಮತ್ತೆ ಪರೀಕ್ಷಿಸುತ್ತ ಸರಿಪಡಿಸುತ್ತಾರೆ.